ಮಲದ ಹತೋಟಿ ತಪ್ಪಿದವರಿಗೆ ನರ ಉತ್ತೇಜನ ಚಿಕಿತ್ಸೆ: ಖರ್ಚೆಷ್ಟು, ಗುಣವೆಷ್ಟು?

ಗದಗ: ವೈದ್ಯರ ಮುಂದೆಯೂ ಬಾಯಿ ಬಿಟ್ಟು ಹೇಳದ ಕಾಯಿಲೆಗಳಲ್ಲಿ ಮಲವಿಸರ್ಜನೆಯ ಹತೋಟಿ ತಪ್ಪುವ ತೊಂದರೆ ಮುಖ್ಯವಾದುದು. ಮೂಲವ್ಯಾಧಿ ಎಂದೋ, ‘ಹೊಟ್ಟೆ ಸರಿಯಿಲ್ಲ’ ಎಂದೋ ಹೇಳಿ ರೋಗಿಗಳು ಮಾತ್ರೆ ಬರೆಸಿಕೊಂಡು ಹಿಂದಿರುಗುತ್ತಾರೆ. ಮದುವೆ, ಜಾತ್ರೆ, ಸಂತೆಗಳಿಗೆ ಹೋಗುವುದನ್ನು ಒಂದೊಂದಾಗಿ ಬಿಡುತ್ತಾರೆ. ಎಷ್ಟೋ ಮನೆಗಳಲ್ಲಿ ಗಂಡನಿಗಾಗಲಿ, ಮಕ್ಕಳಿಗಾಗಲಿ ಕಾರಣವೇ ತಿಳಿದಿರುವುದಿಲ್ಲ.

ಜಗತ್ತಿನ ವಿವಿಧ ದೇಶಗಳಲ್ಲಿ ನಡೆದ 80 ಅಧ್ಯಯನಗಳನ್ನು ಒಟ್ಟುಗೂಡಿಸಿ 2024ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದರ ಪ್ರಕಾರ ವಯಸ್ಕರಲ್ಲಿ ಶೇ 8ರಷ್ಟು, ಅಂದರೆ ಹನ್ನೆರಡು ಮಂದಿಗೆ ಒಬ್ಬರು ಈ ತೊಂದರೆಗೆ ಒಳಗಾಗಿದ್ದಾರೆ. ಮಹಿಳೆಯರಲ್ಲಿ ಹಾಗೂ 60 ವರ್ಷ ದಾಟಿದವರಲ್ಲಿ ಪ್ರಮಾಣ ಇನ್ನೂ ಹೆಚ್ಚು. ಈ ಸರಾಸರಿ ಗದಗ ಜಿಲ್ಲೆಗೆ ಹಾಗೆಯೇ ಹೊಂದುತ್ತದೆ ಎನ್ನಲಾಗದು. ಆದರೆ ಅದರ ಕಾಲು ಭಾಗವೆಂದು ಹಿಡಿದರೂ, 2011ರ ಜನಗಣತಿಯಂತೆ 10.64 ಲಕ್ಷ ಜನಸಂಖ್ಯೆಯಿದ್ದ ಈ ಜಿಲ್ಲೆಯಲ್ಲಿ ಇಂಥವರ ಸಂಖ್ಯೆ ಸಾವಿರಗಳಲ್ಲಿಯೇ ಇರಬೇಕಾಗುತ್ತದೆ.

ಹೆರಿಗೆಯ ವೇಳೆ ಗುದದ್ವಾರದ ಸ್ನಾಯು ಹರಿಯುವುದು ಮಹಿಳೆಯರಲ್ಲಿ ಇದಕ್ಕೆ ಪ್ರಮುಖ ಕಾರಣ. ಹರಿದಾಗ ತಿಳಿಯದೆ, ಸ್ನಾಯುವಿನ ಬಲ ಕುಂದುವ ವಯಸ್ಸಿನಲ್ಲಿ, ಅಂದರೆ ಇಪ್ಪತ್ತು ಮೂವತ್ತು ವರ್ಷಗಳ ನಂತರ ತೊಂದರೆ ತಲೆದೋರುವುದೂ ಉಂಟು. ದೀರ್ಘಕಾಲದ ಸಕ್ಕರೆ ಕಾಯಿಲೆ, ಬೆನ್ನುಹುರಿಯ ಪೆಟ್ಟು, ಪಾರ್ಶ್ವವಾಯು, ಗುದನಾಳದ ಶಸ್ತ್ರಚಿಕಿತ್ಸೆ, ವಿಕಿರಣ ಚಿಕಿತ್ಸೆ ಇವೂ ಕಾರಣಗಳು. ಉತ್ತರ ಕರ್ನಾಟಕದ ಬಸ್ ನಿಲ್ದಾಣಗಳ ಗೋಡೆಗಳ ಮೇಲೆ ‘ಮೂಲವ್ಯಾಧಿ, ಭಗಂದರಕ್ಕೆ ಆಪರೇಷನ್ ಇಲ್ಲದೆ ಶರತಿನ ಚಿಕಿತ್ಸೆ’ ಎಂಬ ಫಲಕಗಳಿಗೆ ಬರವಿಲ್ಲ. ತರಬೇತಿಯಿಲ್ಲದವರು ಆ ಜಾಗದಲ್ಲಿ ಕೈಯಾಡಿಸಿದರೆ ಕೆಡುವುದು ಬಿಗಿಹಿಡಿಯುವ ಸ್ನಾಯುವೇ. ಒಮ್ಮೆ ಕೆಟ್ಟ ಸ್ನಾಯುವನ್ನು ಮೊದಲಿನಂತೆ ಮಾಡುವುದು ಸುಲಭವಲ್ಲ.

ಇಂಥ ರೋಗಿಗಳಿಗೆ ಕಳೆದ ಮೂರು ದಶಕಗಳಲ್ಲಿ ಪಾಶ್ಚಾತ್ಯ ದೇಶಗಳಲ್ಲಿ ಪ್ರಚಾರಕ್ಕೆ ಬಂದಿರುವುದು ನರಗಳಿಗೆ ಸಣ್ಣ ಪ್ರಮಾಣದ ವಿದ್ಯುತ್ ಹರಿಸಿ ಹತೋಟಿ ಮರಳಿಸುವ ಚಿಕಿತ್ಸೆ. ಭಾರತದಲ್ಲಿಯೂ ದೊಡ್ಡ ನಗರಗಳ ಆಯ್ದ ಆಸ್ಪತ್ರೆಗಳಲ್ಲಿ ಇದು ಲಭ್ಯ. ಗದಗ–ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯಂಥ ಊರುಗಳ ಕುಟುಂಬಕ್ಕೆ ಇದರ ಬೆಲೆ ನಿಲುಕುವುದೇ, ನಿಲುಕಿದರೂ ಕೊಟ್ಟ ಹಣಕ್ಕೆ ತಕ್ಕ ಗುಣ ದೊರೆಯುವುದೇ ಎಂಬುದನ್ನು ಪರಿಶೀಲಿಸಬೇಕಾಗಿದೆ.

ಚರ್ಮದಡಿಯ ಯಂತ್ರ

ಮಲ ತಡೆಯುವುದು ಕೇವಲ ಸ್ನಾಯುವಿನ ಕೆಲಸವಲ್ಲ. ಗುದನಾಳಕ್ಕೆ ಬಂದದ್ದು ಗಾಳಿಯೇ, ನೀರೇ, ಗಟ್ಟಿಯೇ ಎಂಬುದನ್ನು ಅಲ್ಲಿನ ನರಗಳು ಗುರುತಿಸಿ ಮಿದುಳಿಗೆ ತಿಳಿಸಬೇಕು. ಮಿದುಳು ಸಮಯ, ಸ್ಥಳ ನೋಡಿ ‘ತಡೆ’ ಅಥವಾ ‘ಬಿಡು’ ಎಂದು ಆಜ್ಞಾಪಿಸಬೇಕು. ಈ ಸಂದೇಶಗಳು ಸಾಗುವ ನರಗಳು ಬೆನ್ನೆಲುಬಿನ ಬುಡದಲ್ಲಿರುವ ತ್ರಿಕಾಸ್ಥಿ ಎಂಬ ತ್ರಿಕೋನಾಕಾರದ ಎಲುಬಿನ ರಂಧ್ರಗಳ ಮೂಲಕ ಹೊರಬರುತ್ತವೆ. ಆ ರಂಧ್ರಗಳಲ್ಲಿ ಮೂರನೆಯದರೊಳಗೆ ಎಳೆಯಂಥ ತಂತಿಯೊಂದನ್ನು ಇಳಿಸಿ, ಅದಕ್ಕೆ ಹೃದಯದ ಪೇಸ್‌ಮೇಕರ್ ಹೋಲುವ ಬ್ಯಾಟರಿ ಯಂತ್ರವನ್ನು ಜೋಡಿಸಿ ಪಿರ್ರೆಯ ಚರ್ಮದಡಿ ಹುದುಗಿಸುವುದೇ ತ್ರಿಕಾಸ್ಥಿ ನರ ಉತ್ತೇಜನ. ಸಾಮಾನ್ಯವಾಗಿ ಸೆಕೆಂಡಿಗೆ 14 ಬಾರಿ ಮಿಡಿಯುವಂತೆ ಯಂತ್ರವನ್ನು ಹೊಂದಿಸಲಾಗುತ್ತದೆ. ರೋಗಿಗೆ ಜುಮ್ಮೆನ್ನುವ ಅನುಭವವಾಗಬಹುದು, ನೋವಾಗಬಾರದು.

ಮೂತ್ರಕೋಶದ ತೊಂದರೆಗೆಂದು ಅಮೆರಿಕದ ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ 1980ರ ದಶಕದಲ್ಲಿ ಈ ವಿಧಾನ ರೂಪುಗೊಂಡಿತು. ಮಲದ ಹತೋಟಿಗೆ ಇದನ್ನು ಬಳಸಿದ ಮೊದಲ ವರದಿ ಜರ್ಮನಿಯ ಶಸ್ತ್ರವೈದ್ಯ ಕ್ಲಾಸ್ ಮಾಟ್ಸೆಲ್ ಮತ್ತು ಸಂಗಡಿಗರಿಂದ 1995ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಬ್ರಿಟನ್ನಿನ ನೈಸ್ ಸಂಸ್ಥೆ 2004ರಲ್ಲಿ, ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2011ರಲ್ಲಿ ಇದಕ್ಕೆ ಒಪ್ಪಿಗೆ ನೀಡಿದವು. ವಿದ್ಯುತ್ ಮಿಡಿತ ನಿಜಕ್ಕೂ ಹೇಗೆ ಕೆಲಸ ಮಾಡುತ್ತದೆ ಎಂಬುದರ ಬಗ್ಗೆ ತಜ್ಞರಲ್ಲಿ ಇಂದಿಗೂ ಒಮ್ಮತವಿಲ್ಲ. ಸ್ನಾಯುವನ್ನು ಬಿಗಿಗೊಳಿಸುವುದಕ್ಕಿಂತ ಮಿದುಳಿಗೆ ಹೋಗುವ ಸಂವೇದನೆಯನ್ನು ತಿದ್ದುವುದೇ ಮುಖ್ಯ ಎಂಬುದು ಈಗ ಹೆಚ್ಚಿನವರ ಅಭಿಪ್ರಾಯ.

ಈ ಚಿಕಿತ್ಸೆಯ ಒಂದು ಸದ್ಗುಣವನ್ನು ಒಪ್ಪಲೇಬೇಕು. ಲಕ್ಷಾಂತರ ರೂಪಾಯಿಯ ಯಂತ್ರ ಕೂರಿಸುವ ಮೊದಲೇ ಅದು ಫಲಿಸುವುದೋ ಇಲ್ಲವೋ ಎಂದು ನೋಡಬಹುದು. ಮೊದಲ ಹಂತದಲ್ಲಿ ತಂತಿಯನ್ನಷ್ಟೇ ಇಳಿಸಿ, ಯಂತ್ರವನ್ನು ಸೊಂಟಕ್ಕೆ ಕಟ್ಟಿ, ಒಂದರಿಂದ ಮೂರು ವಾರಗಳ ಕಾಲ ಪರೀಕ್ಷಿಸಲಾಗುತ್ತದೆ. ದಿನಕ್ಕೆ ಎಷ್ಟು ಬಾರಿ ಹತೋಟಿ ತಪ್ಪಿತು, ಬಟ್ಟೆ ಎಷ್ಟು ಬಾರಿ ಕೆಟ್ಟಿತು, ಅವಸರ ಬಂದಾಗ ಎಷ್ಟು ಹೊತ್ತು ತಡೆಯಲಾಯಿತು ಎಂಬುದನ್ನು ರೋಗಿ ಬರೆದಿಡಬೇಕು. ತೊಂದರೆ ಕನಿಷ್ಠ ಅರ್ಧದಷ್ಟು ಇಳಿದರೆ ಮಾತ್ರ ಎರಡನೆಯ ಹಂತ. ಇಳಿಯದಿದ್ದರೆ ತಂತಿ ತೆಗೆದು ಮನೆಗೆ ಕಳಿಸುತ್ತಾರೆ. ಮೊಣಕಾಲು ಕೀಲು ಬದಲಿಸುವವರಿಗೆ ಈ ಅನುಕೂಲವಿಲ್ಲ.

ಫಲಿತಾಂಶ ಹೇಳುವುದೇನು?

ಅಮೆರಿಕದಲ್ಲಿ ಬಹುಕೇಂದ್ರ ಅಧ್ಯಯನವೊಂದರಲ್ಲಿ ಯಂತ್ರ ಅಳವಡಿಸಿಕೊಂಡ 120 ರೋಗಿಗಳ ವಿವರ 2010ರಲ್ಲಿ ಪ್ರಕಟವಾಯಿತು. ಪರೀಕ್ಷಾ ಹಂತಕ್ಕೆ ಒಳಪಟ್ಟವರಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಉತ್ತೀರ್ಣರಾಗಿದ್ದರು. ಒಂದು ವರ್ಷದ ನಂತರ ಶೇ 83 ಮಂದಿಯಲ್ಲಿ ವಾರಕ್ಕೆ ಆಗುತ್ತಿದ್ದ ಅನಾಹುತಗಳು ಅರ್ಧಕ್ಕಿಂತ ಕಡಿಮೆಯಾಗಿದ್ದವು. ಶೇ 41 ಮಂದಿ ಪೂರ್ಣ ಹತೋಟಿ ಪಡೆದಿದ್ದರು. ಸುಮಾರು ಶೇ 11 ಮಂದಿಗೆ ಯಂತ್ರವಿರುವ ಜಾಗದಲ್ಲಿ ಸೋಂಕು ತಗುಲಿತು. ಆಸ್ಟ್ರೇಲಿಯಾದಲ್ಲಿ 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 120 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ನರ ಉತ್ತೇಜನ, ಇನ್ನೊಂದಕ್ಕೆ ಔಷಧ, ಪಥ್ಯ ಹಾಗೂ ವ್ಯಾಯಾಮ ನೀಡಲಾಗಿತ್ತು. ಯಂತ್ರ ಅಳವಡಿಸಿಕೊಂಡವರಲ್ಲಿ ಶೇ 47 ಮಂದಿ ಸಂಪೂರ್ಣ ಹತೋಟಿ ಪಡೆದರೆ, ಇನ್ನೊಂದು ಗುಂಪಿನಲ್ಲಿ ಹೇಳಿಕೊಳ್ಳುವ ಸುಧಾರಣೆ ಕಂಡುಬರಲಿಲ್ಲ.

ಅಂಕಿಗಳು ಆಕರ್ಷಕ. ಆದರೆ ಅವುಗಳನ್ನು ಎಚ್ಚರದಿಂದ ಓದಬೇಕು. ಅಮೆರಿಕದ ಅಧ್ಯಯನಕ್ಕೆ ಹಣ ನೀಡಿದ್ದು ಯಂತ್ರ ತಯಾರಿಸುವ ಮೆಡ್‌ಟ್ರಾನಿಕ್ ಕಂಪನಿಯೇ. ಯಂತ್ರ ಹಾಕದ ಗುಂಪಿನೊಡನೆ ಹೋಲಿಕೆ ಅದರಲ್ಲಿರಲಿಲ್ಲ. ಐದು ವರ್ಷಗಳ ನಂತರದ ಫಲಿತಾಂಶ 2013ರಲ್ಲಿ ಹೊರಬಂದಾಗ 120ರಲ್ಲಿ ಮಾಹಿತಿ ಲಭ್ಯವಿದ್ದುದು 76 ಮಂದಿಯದು ಮಾತ್ರ. ಅವರಲ್ಲಿ ಶೇ 89 ಮಂದಿಗೆ ಅರ್ಧಕ್ಕಿಂತ ಹೆಚ್ಚು ಗುಣ, ಶೇ 36 ಮಂದಿಗೆ ಪೂರ್ಣ ಗುಣ ಎಂದು ವರದಿಯಾಯಿತು. ಮಾಹಿತಿಗೆ ಸಿಗದವರೆಲ್ಲ ಗುಣವಾಗಿಯೇ ದೂರ ಉಳಿದರೆಂದು ನಂಬಲು ಕಾರಣವಿಲ್ಲ. ಅವರನ್ನೂ ಲೆಕ್ಕಕ್ಕೆ ಹಿಡಿದರೆ ಯಶಸ್ಸಿನ ಪ್ರಮಾಣ ಇಳಿಯುತ್ತದೆ. ಅದೇ 76 ಮಂದಿಯಲ್ಲಿ 27 ಮಂದಿಗೆ ಯಂತ್ರವನ್ನು ಸರಿಪಡಿಸಲು, ಬದಲಿಸಲು ಅಥವಾ ತೆಗೆದುಹಾಕಲು ಮತ್ತೆ ಶಸ್ತ್ರಚಿಕಿತ್ಸೆ ಬೇಕಾಯಿತು. ಮೂವರಲ್ಲಿ ಒಬ್ಬರಿಗೆ ಎರಡನೆಯ ಬಾರಿ ಆಸ್ಪತ್ರೆ ಎಂಬ ಈ ಅಂಶ ಜಾಹೀರಾತುಗಳಲ್ಲಿ ದಪ್ಪ ಅಕ್ಷರದಲ್ಲಿ ಬರುವುದಿಲ್ಲ.

ಯಂತ್ರವಿಲ್ಲದ, ಅಗ್ಗದ ಇನ್ನೊಂದು ದಾರಿಯೂ ಇದೆ. ಪಾದದ ಗಿಣ್ಣಿನ ಬಳಿ ಹಾದುಹೋಗುವ ಟಿಬಿಯಲ್ ನರ ಕೂಡ ಅದೇ ತ್ರಿಕಾಸ್ಥಿ ನರಗಳೊಡನೆ ಕೂಡಿಕೊಳ್ಳುತ್ತದೆ. ಅಲ್ಲಿ ತೆಳುವಾದ ಸೂಜಿ ಚುಚ್ಚಿ ವಾರಕ್ಕೊಮ್ಮೆ ಅರ್ಧ ಗಂಟೆಯಂತೆ 12 ವಾರ ವಿದ್ಯುತ್ ಹರಿಸುವ ಈ ವಿಧಾನಕ್ಕೆ ಶಸ್ತ್ರಚಿಕಿತ್ಸೆ ಬೇಡ. ಮೊದಮೊದಲು ಅಪಾರ ಭರವಸೆ ಹುಟ್ಟಿತ್ತು. ಆದರೆ ಬ್ರಿಟನ್ನಿನಲ್ಲಿ 227 ರೋಗಿಗಳ ಮೇಲೆ ನಡೆಸಿ 2015ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಪ್ರಕಟಿಸಿದ ಪರೀಕ್ಷೆ ಅದಕ್ಕೆ ತಣ್ಣೀರೆರಚಿತು. ನಿಜವಾದ ವಿದ್ಯುತ್ ಪಡೆದವರಲ್ಲಿ ಶೇ 38 ಮಂದಿಗೆ ಅರ್ಧದಷ್ಟು ಗುಣ ಕಂಡರೆ, ಸೋಗಿನ ಚಿಕಿತ್ಸೆ ಪಡೆದವರಲ್ಲಿಯೂ ಶೇ 31 ಮಂದಿಗೆ ಅಷ್ಟೇ ಗುಣ ಕಂಡಿತು. ಸಂಖ್ಯಾಶಾಸ್ತ್ರದ ದೃಷ್ಟಿಯಿಂದ ಇದು ವ್ಯತ್ಯಾಸವೇ ಅಲ್ಲ. ಅಮೆರಿಕದಲ್ಲಿ ಮಹಿಳೆಯರ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಪರೀಕ್ಷೆಯ ಫಲಿತಾಂಶವೂ ಇದೇ ಬಗೆಯದು. ಸೋಗಿನ ಚಿಕಿತ್ಸೆಗೂ ಮೂವರಲ್ಲಿ ಒಬ್ಬರು ಸುಧಾರಿಸುತ್ತಾರೆ ಎಂದರೆ, ವಾರಕ್ಕೊಮ್ಮೆ ಯಾರಾದರೂ ಕೂತು ಈ ಕಷ್ಟವನ್ನು ವಿಚಾರಿಸುವುದರಲ್ಲಿಯೇ ಒಂದು ಗುಣವಿದ್ದಂತೆ ತೋರುತ್ತದೆ.

ರೂಪಾಯಿಯ ಲೆಕ್ಕ

ತ್ರಿಕಾಸ್ಥಿ ನರ ಉತ್ತೇಜನದ ಯಂತ್ರ ವಿದೇಶದಿಂದ ಬರುವಂಥದು. ಆಸ್ಪತ್ರೆ, ಅರಿವಳಿಕೆ, ಶಸ್ತ್ರವೈದ್ಯರ ಶುಲ್ಕ ಸೇರುವ ಮೊದಲೇ ಅದರ ಬೆಲೆ ಹಲವು ಲಕ್ಷ ರೂಪಾಯಿ. ಅಲ್ಲಿಗೇ ಮುಗಿಯುವುದಿಲ್ಲ. ಹಳೆಯ ಮಾದರಿಯ ಬ್ಯಾಟರಿ ಐದಾರು ವರ್ಷಕ್ಕೆ ತೀರುತ್ತದೆ, ತೀರಿದಾಗ ಚರ್ಮ ಕೊಯ್ದು ಬದಲಿಸಬೇಕು. ಅಮೆರಿಕದಲ್ಲಿ 2019ರಿಂದ ಬಳಕೆಗೆ ಬಂದ ಮರುಚಾರ್ಜ್ ಮಾದರಿಗೆ 15 ವರ್ಷ ಬಾಳಿಕೆ ಎಂದು ಹೇಳಲಾಗುತ್ತದೆ. ಆದರೆ ಅದನ್ನು ಆಗಾಗ ಚಾರ್ಜ್ ಮಾಡಿಕೊಳ್ಳುವುದು ರೋಗಿಯ ಹೊಣೆ. ನಲವತ್ತೈದನೆಯ ವಯಸ್ಸಿನಲ್ಲಿ ಹಳೆಯ ಮಾದರಿ ಹಾಕಿಸಿಕೊಂಡವರು ಎಪ್ಪತ್ತರ ಹೊತ್ತಿಗೆ ನಾಲ್ಕಾರು ಬ್ಯಾಟರಿ ಕಂಡಿರಬೇಕಾಗುತ್ತದೆ.

ಲಂಡನ್ನಿನ ಸೇಂಟ್ ಮಾರ್ಕ್ಸ್ ಆಸ್ಪತ್ರೆಯ ತಜ್ಞರು 2008ರಲ್ಲಿ ಪ್ರಕಟಿಸಿದ ಆರ್ಥಿಕ ವಿಶ್ಲೇಷಣೆ ಈ ವಿಷಯದಲ್ಲಿ ಹೆಚ್ಚಾಗಿ ಉಲ್ಲೇಖಗೊಳ್ಳುವಂಥದು. ಪೂರ್ಣ ಆರೋಗ್ಯದ ಒಂದು ವರ್ಷಕ್ಕೆ ಸಮನಾದ ಲಾಭ ಪಡೆಯಲು ಈ ಚಿಕಿತ್ಸೆಯಿಂದ ತಗಲುವ ಹೆಚ್ಚುವರಿ ವೆಚ್ಚ 25,070 ಪೌಂಡ್ ಎಂದು ಅವರು ಲೆಕ್ಕ ಹಾಕಿದರು. ಬ್ರಿಟನ್ನಿನ ಸರಕಾರಿ ವ್ಯವಸ್ಥೆ ಒಪ್ಪುವ ಮಿತಿ 30,000 ಪೌಂಡ್ ಆದ್ದರಿಂದ ಚಿಕಿತ್ಸೆ ಅಲ್ಲಿ ಲಾಭದಾಯಕ ಎನಿಸಿತು. ಅಂದಿನ ವಿನಿಮಯ ದರದಲ್ಲಿ ಆ ಮೊತ್ತ ಸುಮಾರು 20 ಲಕ್ಷ ರೂಪಾಯಿ. ಬ್ರಿಟನ್ನಿನ ದಾದಿಯರ ಸಂಬಳವೂ ಸೇರಿದ ಈ ಲೆಕ್ಕವನ್ನು ಇಲ್ಲಿಗೆ ನೇರವಾಗಿ ತರುವುದು ತಪ್ಪು. ಆದರೆ ನಮ್ಮಲ್ಲಿ ಅಗ್ಗವಾಗುವುದು ದುಡಿಮೆ ಮಾತ್ರ. ಆಮದಾದ ಯಂತ್ರ ಅಗ್ಗವಾಗುವುದಿಲ್ಲ. ಭಾರತದಲ್ಲಿ ತಲಾ ವಾರ್ಷಿಕ ಆದಾಯ ಸುಮಾರು 2 ಲಕ್ಷ ರೂಪಾಯಿಯ ಆಸುಪಾಸಿನಲ್ಲಿದೆ. ಬ್ರಿಟನ್ನಿಗೆ ‘ಮಿತಿಯೊಳಗೆ’ ಎನಿಸಿದ್ದು ಇಲ್ಲಿ ಮಿತಿಯ ಹತ್ತಿರಕ್ಕೂ ಬರುವುದು ಕಷ್ಟ.

ಹಾಗೆಂದು ಚಿಕಿತ್ಸೆ ಪಡೆಯದಿರುವುದು ಬಿಟ್ಟಿಯಲ್ಲ. ವಯಸ್ಕರ ಡೈಪರ್ ಒಂದಕ್ಕೆ 40 ರೂಪಾಯಿ ಎಂದು ಹಿಡಿದು, ದಿನಕ್ಕೆ ಎರಡರಂತೆ ಬಳಸಿದರೆ ವರ್ಷಕ್ಕೆ 29,200 ರೂಪಾಯಿ, ಹತ್ತು ವರ್ಷಕ್ಕೆ 2.92 ಲಕ್ಷ. ಹೆಚ್ಚಿನ ಮನೆಗಳಲ್ಲಿ ಇಷ್ಟು ಖರ್ಚು ಆಗುವುದಿಲ್ಲ, ಏಕೆಂದರೆ ಅವರು ಡೈಪರ್ ಕೊಳ್ಳುವುದೇ ಇಲ್ಲ. ಹಳೆಯ ಸೀರೆಯ ತುಂಡುಗಳನ್ನು ಒಗೆದು ಒಗೆದು ಬಳಸುತ್ತಾರೆ. ಒಗೆಯಲು ನೀರು ಬೇಕು. ತುಂಗಭದ್ರೆಯ ಹಮ್ಮಿಗಿ ಬ್ಯಾರೇಜಿನಿಂದ ನೀರು ತರಿಸಿಕೊಳ್ಳುವ ಗದಗ–ಬೆಟಗೇರಿ ಅವಳಿ ನಗರದ ನೀರಿನ ಬವಣೆ ರಾಜ್ಯಕ್ಕೇ ಗೊತ್ತಿರುವಂಥದು. ನಳ ಬರಲು ದಿನಗಟ್ಟಲೆ ಕಾಯುವ ಓಣಿಯಲ್ಲಿ ದಿನಕ್ಕೆ ಮೂರು ಬಾರಿ ಬಟ್ಟೆ ಒಗೆಯಬೇಕಾದ ಹೆಂಗಸಿನ ಪಾಡು ಯಾವ ಆರ್ಥಿಕ ವಿಶ್ಲೇಷಣೆಯಲ್ಲಿಯೂ ನಮೂದಾಗಿಲ್ಲ.

ಕೂಲಿಯ ಲೆಕ್ಕ ಇನ್ನೂ ಕಠಿಣ. ಮುಂಡರಗಿಯ ಹೊಲದಲ್ಲಿ ಕಸ ತೆಗೆಯಲು ಸಾಲಾಗಿ ಕೂತ ಹೆಂಗಸರ ನಡುವಿನಿಂದ ಗಂಟೆಗೊಮ್ಮೆ ಎದ್ದು ಓಡುವವಳನ್ನು ಮರುದಿನ ಕರೆಯುವುದಿಲ್ಲ. ಬೆಟಗೇರಿಯ ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಕೂರುವ ನೇಕಾರನಿಗೂ ಕೆಲಸ ಬಿಟ್ಟು ಬಿಟ್ಟು ಏಳಲಾಗದು. ದುಡಿಮೆ ಕೈತಪ್ಪುವುದೇ ಈ ಕಾಯಿಲೆಯ ಅತಿದೊಡ್ಡ ವೆಚ್ಚ ಎನ್ನಬೇಕಾಗುತ್ತದೆ.

12 ವಾರಗಳ ಟಿಬಿಯಲ್ ಚಿಕಿತ್ಸೆಯನ್ನೇ ನೋಡಿದರೆ, ಲಕ್ಷ್ಮೇಶ್ವರ ಅಥವಾ ಮುಂಡರಗಿಯಿಂದ ಜಿಲ್ಲಾ ಕೇಂದ್ರಕ್ಕೆ ಸುಮಾರು 40 ಕಿ.ಮೀ., ಅಲ್ಲಿಂದ ಹುಬ್ಬಳ್ಳಿಗೆ ಮತ್ತೆ 60 ಕಿ.ಮೀ. ಹತ್ತಿರ. ಶಕ್ತಿ ಯೋಜನೆಯಿಂದಾಗಿ 2023ರ ಜೂನ್‌ನಿಂದ ಮಹಿಳೆಯರಿಗೆ ಸರಕಾರಿ ಬಸ್ಸಿನ ಟಿಕೆಟ್ ಖರ್ಚಿಲ್ಲ. ಆದರೆ ಕೂಲಿ ಹೋಗುತ್ತದೆ. ಉದ್ಯೋಗ ಖಾತ್ರಿಯಲ್ಲಿ ರಾಜ್ಯಕ್ಕೆ 2025–26ರಲ್ಲಿ ನಿಗದಿಯಾಗಿದ್ದ 370 ರೂಪಾಯಿ ದಿನಗೂಲಿಯನ್ನೇ ಆಧಾರವಾಗಿಟ್ಟುಕೊಂಡರೆ 12 ದಿನಕ್ಕೆ 4,440 ರೂಪಾಯಿ; ಜತೆಗೊಬ್ಬರು ಬಂದರೆ 8,880. ಸೋಗಿನ ಚಿಕಿತ್ಸೆಗಿಂತ ಹೆಚ್ಚಿನ ಫಲ ಕಾಣದ ವಿಧಾನಕ್ಕೆ ಇಷ್ಟು ತೆರುವ ಮುನ್ನ ಎರಡು ಬಾರಿ ಯೋಚಿಸಬೇಕು. ಮಲ ತಡೆಯಲಾಗದವರಿಗೆ ಶೌಚಾಲಯವಿಲ್ಲದ ಬಸ್ಸಿನಲ್ಲಿ ಮೂರು ತಾಸಿನ ಪ್ರಯಾಣವೇ ದೊಡ್ಡ ಶಿಕ್ಷೆ ಎಂಬುದು ಬೇರೆ ಮಾತು. ಗದಗಿನಿಂದ ರೈಲು ಹಿಡಿದರೆ ಆ ಒಂದು ಚಿಂತೆ ಕಡಿಮೆ.

ಸರಕಾರಿ ನೆರವಿನ ಮಟ್ಟಿಗೆ, ಆಯುಷ್ಮಾನ್ ಭಾರತ–ಆರೋಗ್ಯ ಕರ್ನಾಟಕ ಯೋಜನೆಯಡಿ 2018ರಿಂದ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ಅವಕಾಶವಿದೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ 30ರಷ್ಟು ನೆರವು. ಇಲ್ಲಿ ಮುಖ್ಯವಾದುದು ‘ಪ್ಯಾಕೇಜ್’ ಎಂಬ ಪದ. ಒಟ್ಟು ಮಿತಿ 5 ಲಕ್ಷವಿದ್ದರೂ ಪಟ್ಟಿಯಲ್ಲಿ ನಮೂದಾದ ಚಿಕಿತ್ಸೆಗೆ, ನಮೂದಾದ ದರದಲ್ಲಿ ಮಾತ್ರ ಹಣ ಸಿಗುತ್ತದೆ. ಆದ್ದರಿಂದ ಯಾವುದೇ ಖಾಸಗಿ ಆಸ್ಪತ್ರೆಗೆ ಮುಂಗಡ ಕಟ್ಟುವ ಮೊದಲು ಸರಕಾರಿ ಆಸ್ಪತ್ರೆಯ ಆರೋಗ್ಯಮಿತ್ರರ ಬಳಿ ಚಿಕಿತ್ಸೆಯ ಹೆಸರು ಹೇಳಿ ಪಟ್ಟಿ ನೋಡಿಸುವುದು ಲೇಸು. ಸಹಕಾರಿ ಸಂಘಗಳ ಸದಸ್ಯರಿಗಾಗಿ 2003ರಲ್ಲಿ ಕಾರ್ಯಾರಂಭ ಮಾಡಿ, 2018ರಲ್ಲಿ ನಿಂತು, 2022–23ರಲ್ಲಿ ಮತ್ತೆ ಜೀವ ಪಡೆದ ಯಶಸ್ವಿನಿ ಯೋಜನೆಗೂ ಇದೇ ನಿಯಮ ಅನ್ವಯ.

ಮೊದಲು ಮಾಡಬೇಕಾದುದು

ನರ ಉತ್ತೇಜನ ಮೊದಲ ಮೆಟ್ಟಿಲಲ್ಲ. ನೈಸ್ ಸಂಸ್ಥೆಯ 2007ರ ಮಾರ್ಗಸೂಚಿಯಲ್ಲಿಯೂ ಪಥ್ಯ, ಔಷಧ, ವ್ಯಾಯಾಮಗಳ ನಂತರವೇ ಅದರ ಸರದಿ. ನೀರಾಗಿ ಹೋಗುವ ಮಲವನ್ನು ಗಟ್ಟಿಯಾಗಿಸುವುದರಿಂದಲೇ ಅನೇಕರ ತೊಂದರೆ ಹತೋಟಿಗೆ ಬರುತ್ತದೆ. ಇಸಬಗೋಲಿನ ಹೊಟ್ಟು, ವೈದ್ಯರು ಹೇಳಿದ ಪ್ರಮಾಣದಲ್ಲಿ ಲೋಪರಮೈಡ್ ಮಾತ್ರೆ, ಚಹಾ–ಕಾಫಿ ಹಾಗೂ ಮಸಾಲೆ ಕಡಿತ, ಊಟವಾದ ಬಳಿಕ ನಿತ್ಯ ಒಂದೇ ಸಮಯಕ್ಕೆ ಶೌಚಕ್ಕೆ ಕೂರುವ ರೂಢಿ ಇವುಗಳಿಗೆ ತಗಲುವುದು ತಿಂಗಳಿಗೆ ಕೆಲವು ನೂರು ರೂಪಾಯಿ. ಗುದದ್ವಾರವನ್ನು ಒಳಗೆಳೆದು ಹಿಡಿದು ಬಿಡುವ ವ್ಯಾಯಾಮಕ್ಕೆ ಖರ್ಚೇ ಇಲ್ಲ. ಸರಿಯಾದ ಕ್ರಮವನ್ನು ಒಮ್ಮೆ ಕಲಿಸಿಕೊಡುವವರು ಬೇಕು, ಮೂರು ತಿಂಗಳ ತಾಳ್ಮೆ ಬೇಕು. ವೃದ್ಧರಲ್ಲಿ ಇನ್ನೊಂದು ಸೂಕ್ಷ್ಮವಿದೆ. ಮಲಬದ್ಧತೆಯಿಂದ ಗಟ್ಟಿ ಮಲ ಕಟ್ಟಿಕೊಂಡು, ಅದರ ಅಕ್ಕಪಕ್ಕದಿಂದ ನೀರು ಸೋರುವುದನ್ನು ಭೇದಿ ಎಂದು ತಿಳಿದು ಭೇದಿ ನಿಲ್ಲುವ ಮಾತ್ರೆ ಕೊಟ್ಟರೆ ಸ್ಥಿತಿ ಬಿಗಡಾಯಿಸುತ್ತದೆ. ಬೆರಳಿನಿಂದ ಪರೀಕ್ಷಿಸಿದರೆ ವೈದ್ಯರಿಗೆ ಇದು ನಿಮಿಷದಲ್ಲಿ ತಿಳಿಯುತ್ತದೆ. ಆ ಒಂದು ಪರೀಕ್ಷೆಗೆ ರೋಗಿ ಒಪ್ಪುವುದಿಲ್ಲ, ವೈದ್ಯರು ಒತ್ತಾಯಿಸುವುದಿಲ್ಲ.

ಮಲದಲ್ಲಿ ರಕ್ತ, ತೂಕ ಇಳಿಕೆ ಅಥವಾ ಶೌಚದ ರೂಢಿಯಲ್ಲಿ ಇದ್ದಕ್ಕಿದ್ದಂತೆ ಬದಲಾವಣೆ ಕಂಡರೆ ಕ್ಯಾನ್ಸರ್ ಇಲ್ಲವೆಂದು ಮೊದಲು ಖಚಿತಪಡಿಸಿಕೊಳ್ಳಬೇಕು. ಸೊಂಟನೋವಿನೊಡನೆ ಹಠಾತ್ತನೆ ಹತೋಟಿ ತಪ್ಪಿ, ಕಾಲು ಸೋತು, ಕೂರುವ ಜಾಗ ಮರಗಟ್ಟಿದರೆ ಅದು ಬೆನ್ನಿನ ನರಗಳು ಒತ್ತಿಹೋದ ಲಕ್ಷಣ. ಆಗ ಕ್ಷಣವೂ ತಡಮಾಡದೆ ದೊಡ್ಡ ಆಸ್ಪತ್ರೆ ಸೇರಬೇಕು.

ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ರೋಗಿಗಳು ಮೊದಲ ತಪಾಸಣೆಗೆ ನೇರವಾಗಿ ಬೆಂಗಳೂರಿಗೆ ಹೋಗಬೇಕಾಗಿಲ್ಲ. ಗದಗ ವೈದ್ಯಕೀಯ ಕಾಲೇಜು ಆಸ್ಪತ್ರೆಯ ಶಸ್ತ್ರಚಿಕಿತ್ಸಾ ವಿಭಾಗ ಅಥವಾ ಸ್ತ್ರೀರೋಗ ವಿಭಾಗದಲ್ಲಿ ಪ್ರಾಥಮಿಕ ಪರೀಕ್ಷೆ ಸಾಧ್ಯ. ಹೆರಿಗೆಯಲ್ಲಿ ಹರಿದ ಸ್ನಾಯುವಿದ್ದರೆ ಹೊಲಿಗೆ ಹಾಕಿ ಸರಿಪಡಿಸುವ ಶಸ್ತ್ರಚಿಕಿತ್ಸೆಯೂ ಒಂದು ಆಯ್ಕೆ. ಅದರ ಫಲ ವರ್ಷಗಳು ಕಳೆದಂತೆ ಕುಗ್ಗುವುದಾದರೂ ಯಂತ್ರದ ಖರ್ಚಿಲ್ಲ. ಗುದದೊಳಗಿನ ಅಲ್ಟ್ರಾಸೌಂಡ್, ಒತ್ತಡ ಮಾಪನದಂಥ ವಿಶೇಷ ಪರೀಕ್ಷೆಗಳು ಬೇಕೆನಿಸಿದಾಗ ಮಾತ್ರ ಮೇಲಿನ ಕೇಂದ್ರದ ಮಾತು.

ಇವೆಲ್ಲ ವಿಫಲವಾಗಿ, ವಾರಕ್ಕೆ ಹಲವು ಬಾರಿ ಹತೋಟಿ ತಪ್ಪುತ್ತಿದ್ದು, ದುಡಿಯುವ ವಯಸ್ಸಿನವರಾಗಿದ್ದು, ಮನೆ ಮಾರದೆ ಹಣ ಹೊಂದಿಸಬಲ್ಲವರಿಗೆ ತ್ರಿಕಾಸ್ಥಿ ನರ ಉತ್ತೇಜನ ಪರಿಗಣಿಸಲು ಯೋಗ್ಯವಾದ ಚಿಕಿತ್ಸೆ. ಹೊಟ್ಟೆಗೆ ರಂಧ್ರ ಮಾಡಿ ಚೀಲ ಕಟ್ಟುವುದೊಂದೇ ಉಳಿದ ದಾರಿ ಎಂಬ ಹಂತದಲ್ಲಿರುವವರಿಗಂತೂ ಅದಕ್ಕೆ ಮೊದಲು ಪರೀಕ್ಷಾ ಹಂತವನ್ನಾದರೂ ನೋಡುವ ಹಕ್ಕಿದೆ. ಸಾಲ ಮಾಡಿ, ಪಥ್ಯ–ವ್ಯಾಯಾಮಗಳನ್ನು ಬಿಟ್ಟು ನೇರವಾಗಿ ಯಂತ್ರಕ್ಕೆ ಹಾರುವವರಿಗೆ ಇದು ತಕ್ಕುದಲ್ಲ.

ಒಪ್ಪುವ ಮೊದಲು ಆಸ್ಪತ್ರೆಯವರನ್ನು ಕೇಳಲೇಬೇಕಾದ ಕೆಲವು ಪ್ರಶ್ನೆಗಳಿವೆ. ಪರೀಕ್ಷಾ ಹಂತಕ್ಕೆ ಪ್ರತ್ಯೇಕ ದರವೆಷ್ಟು, ವಿಫಲವಾದರೆ ಉಳಿದ ಹಣ ಮರಳುವುದೇ? ಬ್ಯಾಟರಿ ಎಷ್ಟು ವರ್ಷದ್ದು, ಬದಲಿಸಲು ಇಂದಿನ ದರವೆಷ್ಟು? ಮಿಡಿತದ ಪ್ರಮಾಣ ಸರಿಹೊಂದಿಸಲು ಪ್ರತಿ ಬಾರಿ 400 ಕಿ.ಮೀ. ದೂರದ ಬೆಂಗಳೂರಿಗೇ ಬರಬೇಕೇ? ಎಂ.ಆರ್.ಐ. ಸ್ಕ್ಯಾನ್ ಮಾಡಿಸಬಹುದೇ ಎಂಬುದೂ ಮುಖ್ಯ. ಹಳೆಯ ಮಾದರಿಗಳಲ್ಲಿ ತಲೆಯ ಸ್ಕ್ಯಾನ್‌ಗೆ ಮಾತ್ರ ಅವಕಾಶವಿತ್ತು. ಇಡೀ ದೇಹದ ಸ್ಕ್ಯಾನ್‌ಗೆ ಷರತ್ತುಬದ್ಧ ಒಪ್ಪಿಗೆಯುಳ್ಳ ಮಾದರಿಗಳು 2020ರ ಆಸುಪಾಸಿನಲ್ಲಿ ಬಂದಿವೆ. ಮೊಣಕಾಲು, ಸೊಂಟನೋವಿಗೆ ಊರ ಫಿಜಿಯೋಥೆರಪಿ ಕೇಂದ್ರಗಳಲ್ಲಿ ಕೊಡುವ ಡಯಾಥರ್ಮಿ ಶಾಖ ಚಿಕಿತ್ಸೆಯನ್ನು ಈ ಯಂತ್ರವಿರುವವರು ಎಂದಿಗೂ ತೆಗೆದುಕೊಳ್ಳಬಾರದು. ತಂತಿ ಕಾದು ನರ ಸುಡುವ ಅಪಾಯವಿದೆ. ಯಂತ್ರದ ಜತೆ ಕೊಡುವ ಗುರುತಿನ ಚೀಟಿಯನ್ನು ಸದಾ ಜತೆಗಿಟ್ಟುಕೊಂಡು, ಎಲ್ಲಿಯೇ ಚಿಕಿತ್ಸೆಗೆ ಹೋದರೂ ಮೊದಲು ಅದನ್ನು ತೋರಿಸಬೇಕು.